ಫೈವ್ ಸ್ಪಾಟ್‌ನ ಒಂದು ಇರುಳು: ಮಾಂಕ್–ಕೋಲ್ಟ್ರೇನ್ ಧ್ವನಿಮುದ್ರಿಕೆಯ ಚರಿತ್ರೆ

ಜಾಝ್ ಸಂಗೀತದ ಚರಿತ್ರಕಾರನಿಗೆ ಧ್ವನಿಮುದ್ರಿಕೆಯೇ ಪ್ರಧಾನ ಆಕರ. ವೇದಿಕೆಯ ಮೇಲೆ ಆ ಕ್ಷಣಕ್ಕೆ ಹುಟ್ಟಿ ಅಲ್ಲಿಯೇ ಕರಗುವ ಮನೋಧರ್ಮ ಸಂಗೀತವನ್ನು ಸ್ವರಲಿಪಿಯು ಹಿಡಿದಿಡಲಾರದು. ಮುದ್ರಣಗೊಳ್ಳದೆ ಹೋದ ಕಛೇರಿಯು ಕೇಳಿದವರ ನೆನಪಿನಲ್ಲಿ ಬೆಳೆಯುತ್ತ ಹೋಗಿ ಕ್ರಮೇಣ ಐತಿಹ್ಯವಾಗಿಬಿಡುತ್ತದೆ. ನ್ಯೂಯಾರ್ಕಿನ ಕೂಪರ್ ಸ್ಕ್ವೇರ್‌ನಲ್ಲಿದ್ದ ಫೈವ್ ಸ್ಪಾಟ್ ಎಂಬ ಸಣ್ಣ ಕೆಫೆಯಲ್ಲಿ 1957ರಲ್ಲಿ ನಡೆದ ಕಛೇರಿಗಳಿಗೆ ಒದಗಿದ ಗತಿಯೂ ಇದೇ.

ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ 1951ರ ಮಾದಕವಸ್ತು ಪ್ರಕರಣವೊಂದರಿಂದಾಗಿ ನ್ಯೂಯಾರ್ಕಿನ ಮದ್ಯ ಮಾರುವ ಕ್ಲಬ್ಬುಗಳಲ್ಲಿ ನುಡಿಸುವ ಪರವಾನಗಿಯನ್ನು ಕಳೆದುಕೊಂಡಿದ್ದನು. ಆರು ವರ್ಷಗಳ ನಂತರ ಪರವಾನಗಿ ಮರಳಿದಾಗ ಅವನು ಫೈವ್ ಸ್ಪಾಟ್‌ನಲ್ಲಿ ನೆಲೆಯೂರಿದನು. ಅದೇ ವರ್ಷ ಮೈಲ್ಸ್ ಡೇವಿಸ್‌ನ ತಂಡದಿಂದ ಹೊರಬಿದ್ದು, ಹೆರಾಯಿನ್ ಚಟದಿಂದ ಬಿಡಿಸಿಕೊಂಡಿದ್ದ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವನ ಜೊತೆಗೂಡಿದನು. ಕೋಲ್ಟ್ರೇನ್ ನುಡಿಸುತ್ತಿರುವಾಗ ಮಾಂಕ್ ಪಿಯಾನೊ ಬಿಟ್ಟೆದ್ದು ವೇದಿಕೆಯ ಮೇಲೆ ಹೆಜ್ಜೆ ಹಾಕುತ್ತಿದ್ದನೆಂಬುದು ಪ್ರಸಿದ್ಧ ಸಂಗತಿ. ಪಿಯಾನೊದ ಆಸರೆಯಿಲ್ಲದೆ ಬಾಸ್ ಮತ್ತು ಡ್ರಮ್ಸ್‌ಗಳ ಲಯದ ಮೇಲಷ್ಟೇ ನಿಂತು ಪ್ರಸ್ತಾರ ಮಾಡಬೇಕಾದ ಈ ಶಿಸ್ತು ಕೋಲ್ಟ್ರೇನ್‌ನ ಮುಂದಿನ ದಾರಿಯನ್ನು ರೂಪಿಸಿತೆನ್ನಬೇಕು.

ಆದರೆ ಇದಕ್ಕೆ ಪುರಾವೆ ವಿರಳವಾಗಿತ್ತು. ಮಾಂಕ್ ರಿವರ್‌ಸೈಡ್ ಸಂಸ್ಥೆಗೂ ಕೋಲ್ಟ್ರೇನ್ ಪ್ರೆಸ್ಟೀಜ್ ಸಂಸ್ಥೆಗೂ ಕರಾರಿನಿಂದ ಬದ್ಧರಾಗಿದ್ದರು. ಸ್ಟುಡಿಯೋದಲ್ಲಿ ಈ ಚತುರ್ವಾದ್ಯ ತಂಡ ಮುದ್ರಿಸಿದ ಮೂರು ಕೃತಿಗಳು ಮಾತ್ರ 1961ರಲ್ಲಿ ಹೊರಬಂದವು. ತಿಂಗಳುಗಟ್ಟಲೆ ನಡೆದ ಸಹವಾದನಕ್ಕೆ ಮೂರೇ ಕೃತಿಗಳೆಂದರೆ ವ್ಯಾಪಾರದ ಲೆಕ್ಕಾಚಾರವು ಚರಿತ್ರೆಯಿಂದ ವಸೂಲು ಮಾಡಿದ ಸುಂಕ ದೊಡ್ಡದೇ ಸರಿ.

ಸಂಸ್ಥೆಗಳು ಮಾಡದೆ ಬಿಟ್ಟ ಕೆಲಸವನ್ನು ಮನೆಯವರು ಮಾಡಿದ್ದರು. ಕೋಲ್ಟ್ರೇನ್‌ನ ಪತ್ನಿ ನಯೀಮಾ, ಕೈಯಲ್ಲಿ ಒಯ್ಯಬಹುದಾದ ಟೇಪ್ ರೆಕಾರ್ಡರೊಂದನ್ನು ಕ್ಲಬ್ಬಿಗೆ ಕೊಂಡೊಯ್ದು ಒಂದು ರಾತ್ರಿಯ ವಾದನವನ್ನು ಮುದ್ರಿಸಿಕೊಂಡಿದ್ದಳು. ಅದು ಮಾರಾಟಕ್ಕೆಂದು ಮಾಡಿದ ಮುದ್ರಣವಲ್ಲ. ಬ್ಲೂ ನೋಟ್ ಸಂಸ್ಥೆಯು ಅದನ್ನು ‘ಲೈವ್ ಅಟ್ ದ ಫೈವ್ ಸ್ಪಾಟ್: ಡಿಸ್ಕವರಿ!’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದ್ದು 1993ರಲ್ಲಿ. ಅಷ್ಟು ಹೊತ್ತಿಗೆ ಕೋಲ್ಟ್ರೇನ್ ತೀರಿಕೊಂಡು 26 ವರ್ಷಗಳೂ ಮಾಂಕ್ ತೀರಿಕೊಂಡು 11 ವರ್ಷಗಳೂ ಸಂದಿದ್ದವು.

ಮುದ್ರಣದ ಗುಣಮಟ್ಟ ಒರಟು. ಸ್ಯಾಕ್ಸೊಫೋನ್ ಮುಂದೆ ನಿಲ್ಲುತ್ತದೆ. ಪಿಯಾನೊ ಹಿಂದೆ ಸರಿದು ಮಸುಕಾಗಿದೆ. ಬಾಸ್ ನಾದವನ್ನು ಕಿವಿಗೊಟ್ಟು ಹುಡುಕಬೇಕು. ಆದರೂ ‘ಟ್ರಿಂಕಲ್ ಟಿಂಕಲ್’, ‘ಇನ್ ವಾಕ್ಡ್ ಬಡ್’, ‘ಐ ಮೀನ್ ಯು’ ಮುಂತಾದ ಕೃತಿಗಳಲ್ಲಿ ಇಬ್ಬರು ಕಲಾವಿದರ ನಡುವಿನ ಕೊಡುಕೊಳೆ ಸ್ಪಷ್ಟವಾಗಿ ಕೇಳಿಬರುತ್ತದೆ.

ಬಿಡುಗಡೆಯ ಹೊತ್ತಿಗೆ ಇದು 1957ರದೆಂದೇ ಭಾವಿಸಲಾಗಿತ್ತು. ಬಹುಕಾಲ ಹುಡುಕಿದ ಪುರಾವೆ ಕೈಸೇರಿದಾಗ ಹಾಗೆ ನಂಬುವುದು ಸಹಜವೇ. ಆದರೆ ತಂಡದ ರಚನೆ ಬೇರೆಯೇ ಮಾತನ್ನು ಹೇಳುತ್ತಿತ್ತು. ಫೈವ್ ಸ್ಪಾಟ್‌ನಲ್ಲಿ 1957ರ ಬೇಸಗೆಯಲ್ಲಿ ನುಡಿಸಿದವರು ಬಾಸ್‌ನಲ್ಲಿ ವಿಲ್ಬರ್ ವೇರ್ ಮತ್ತು ಡ್ರಮ್ಸ್‌ನಲ್ಲಿ ಶ್ಯಾಡೊ ವಿಲ್ಸನ್. ಟೇಪಿನಲ್ಲಿ ಇರುವವರು ಅಹ್ಮದ್ ಅಬ್ದುಲ್-ಮಲಿಕ್ ಮತ್ತು ರಾಯ್ ಹೇನ್ಸ್. ಇವರಿಬ್ಬರು ಜಾನಿ ಗ್ರಿಫಿನ್ ಜೊತೆ ಮಾಂಕ್‌ನ 1958ರ ತಂಡದಲ್ಲಿದ್ದವರು. ಗ್ರಿಫಿನ್‌ನ ಬದಲಿಗೆ ಕೋಲ್ಟ್ರೇನ್ ನುಡಿಸಿದ 1958ರ ಸೆಪ್ಟೆಂಬರ್ 11ರ ರಾತ್ರಿಯ ಮುದ್ರಣವಿದು ಎಂಬುದು ಈಗ ಸ್ವೀಕೃತವಾಗಿರುವ ನಿರ್ಣಯ.

ಒಂದು ವರ್ಷದ ಈ ವ್ಯತ್ಯಾಸ ಸಣ್ಣದಲ್ಲ. ಕೋಲ್ಟ್ರೇನ್ 1958ರ ಆರಂಭದಲ್ಲಿಯೇ ಡೇವಿಸ್‌ನ ತಂಡಕ್ಕೆ ಮರಳಿದ್ದನು. ಸೆಪ್ಟೆಂಬರ್ 9ರಂದು, ಅಂದರೆ ಎರಡೇ ದಿನ ಮೊದಲು, ಪ್ಲಾಜಾ ಹೋಟೆಲಿನಲ್ಲಿ ಆ ತಂಡದೊಡನೆ ನುಡಿಸಿದ್ದನು. ಸ್ವರಗಳನ್ನು ಒಂದರ ಮೇಲೊಂದು ಹಾಸುವ ಅವನ ವೇಗದ ಶೈಲಿಗೆ ವಿಮರ್ಶಕ ಐರಾ ಗಿಟ್ಲರ್ ‘ನಾದದ ಹಾಳೆಗಳು’ ಎಂಬರ್ಥದ ಹೆಸರಿಟ್ಟದ್ದೂ ಅದೇ ವರ್ಷ. ಹಾಗಾಗಿ ಟೇಪಿನಲ್ಲಿ ಕೇಳಿಸುವವನು ಕಲಿಯುತ್ತಿರುವ ಶಿಷ್ಯನಲ್ಲ, ಕಲಿತದ್ದನ್ನು ತನ್ನದಾಗಿಸಿಕೊಂಡು ಗುರುವಿನ ಮನೆಗೆ ಒಂದು ರಾತ್ರಿಯ ಮಟ್ಟಿಗೆ ಬಂದವನು. ಇದನ್ನು 1957ರ ಸಾಕ್ಷ್ಯವೆಂದು ಓದಿದವರು ಫಲವನ್ನೇ ಬೀಜವೆಂದು ಬಗೆದಂತಾಗಿತ್ತು.

ನಿಜವಾದ 1957ರ ವಾದನ ದೊರೆತದ್ದು 2005ರಲ್ಲಿ. ಆ ವರ್ಷ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಲ್ಯಾರಿ ಆ್ಯಪಲ್‌ಬಾಮ್ ಅವರ ಕಣ್ಣಿಗೆ ವಾಯ್ಸ್ ಆಫ್ ಅಮೆರಿಕ ಮಾಡಿದ್ದ ಮುದ್ರಣದ ಸುರುಳಿಗಳು ಬಿದ್ದವು. ಅದು 1957ರ ನವೆಂಬರ್ 29ರಂದು ಕಾರ್ನೆಗಿ ಹಾಲ್‌ನಲ್ಲಿ ನಡೆದ ಕಛೇರಿ. ಬಾಸ್‌ನಲ್ಲಿ ಅಬ್ದುಲ್-ಮಲಿಕ್, ಡ್ರಮ್ಸ್‌ನಲ್ಲಿ ವಿಲ್ಸನ್. ಶುದ್ಧವಾದ ಆ ಮುದ್ರಣ ಬಂದ ಮೇಲೆ ನಯೀಮಾಳ ಟೇಪು ಅನಗತ್ಯವಾಯಿತೆಂದು ಕೆಲವರಿಗೆ ತೋರಬಹುದು. ಅದು ಸರಿಯಲ್ಲ. ಕಾರ್ನೆಗಿಯದು ದೊಡ್ಡ ಸಭಾಂಗಣದ ಕಛೇರಿ, ಹಲವು ಕಲಾವಿದರ ನಡುವೆ ಹಂಚಿಹೋದ ಸಮಯ. ಅಲ್ಲಿಯ ವಾದನ ಅಚ್ಚುಕಟ್ಟಾದುದು. ಫೈವ್ ಸ್ಪಾಟ್‌ನಲ್ಲಿ ಕೋಲ್ಟ್ರೇನ್ ಆವರ್ತದ ಮೇಲೆ ಆವರ್ತ ನುಡಿಸುತ್ತಾನೆ, ನಿಲ್ಲಿಸುವ ಆತುರವಿಲ್ಲ. ಮಾಂಕ್ ಮತ್ತು ಕೋಲ್ಟ್ರೇನ್ ಒಂದು ಕ್ಲಬ್ಬಿನ ಕೋಣೆಯಲ್ಲಿ ಹೇಗೆ ನುಡಿಸುತ್ತಿದ್ದರೆಂದು ಕೇಳಬೇಕಾದವರು ಇಂದಿಗೂ ಈ ಮಸುಕು ಟೇಪಿನ ಬಳಿಗೇ ಬರಬೇಕು.