ಕಿವಿಯ ದಾರಿ: ಕಾಳಿಂಗರಾಯರ ನೆನಪು

ಕವಿಯ ಸಾಲು ಪುಸ್ತಕದಲ್ಲಿದ್ದರೆ ಓದಬಲ್ಲವರಿಗಷ್ಟೇ ದಕ್ಕುತ್ತದೆ. ಹಾಡಾದರೆ ಊರಿಗೆಲ್ಲ ದಕ್ಕುತ್ತದೆ. ಇದನ್ನು ನಮಗೆ ಮೊದಲು ಮನಗಾಣಿಸಿದವರು ಪಿ. ಕಾಳಿಂಗರಾಯರು (1914–1981).

ಉಡುಪಿ ಸಮೀಪದ ಆರೂರಿನಲ್ಲಿ ಜನಿಸಿದ ಅವರು ನಾಟಕರಂಗದಿಂದ ಬಂದು ಕನ್ನಡ ಸುಗಮ ಸಂಗೀತಕ್ಕೆ ಹಾದಿ ತೆರೆದರು. ಮೋಹನಕುಮಾರಿ, ಸೋಹನಕುಮಾರಿ ಸೋದರಿಯರು ಅವರೊಡನೆ ದನಿಗೂಡಿಸುತ್ತಿದ್ದರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ, ರಾಜರತ್ನಂ ಅವರ ರತ್ನನ ಪದ, ದಾಸರ ಪದ, ಜನಪದ ಗೀತೆ ಎಲ್ಲಕ್ಕೂ ಅವರದು ಒಂದೇ ವೇದಿಕೆ.

ವಿದ್ಯಾರ್ಥಿದೆಸೆಯಲ್ಲಿ ನಾವು ನಾಟ್ರಾಂಪಾಳ್ಯದಿಂದ ಬೆಂಗಳೂರಿಗೆ ಹೋಗಿ, ಗಣೇಶೋತ್ಸವದ ಚಪ್ಪರದಡಿ ನಿಂತೇ ಅವರ ಗಾಯನ ಕೇಳಿದೆವು. ಪದವನ್ನು ನುಂಗದೆ, ಅರ್ಥವಾಗುವಂತೆ ಬಿಡಿಸಿ ಹಾಡುತ್ತಿದ್ದರು. ಜೊತೆಗಿದ್ದ ನಮ್ಮ ಸೋದರಮಾವನವರು ಅಕ್ಷರವರಿಯದವರು; ಊರಿಗೆ ಮರಳುವಷ್ಟರಲ್ಲಿ ಎರಡು ಹಾಡು ಕಲಿತಿದ್ದರು. ಆ ವರ್ಷದ ರಾಗಿ ಕೊಯ್ಲಿನಲ್ಲಿ ಹೊಲದ ತುಂಬ ಅವೇ ಹಾಡುಗಳು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ಇಂದು ನಮ್ಮ ಮೊಮ್ಮಕ್ಕಳು ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತಮಿಳು ಓದುತ್ತಾರೆ. ತಮಿಳು ಕಲಿಯುವುದು ಒಳ್ಳೆಯದೇ; ಆದರೆ ಕನ್ನಡದ ಅಕ್ಷರ ಕಾಣದ ಮಗುವಿಗೆ ಕುವೆಂಪು, ಬೇಂದ್ರೆಯವರು ದೊರೆಯುವುದೆಂತು? ಕಿವಿಯ ದಾರಿ ಇನ್ನೂ ತೆರೆದಿದೆ. ಮನೆಮನೆಯಲ್ಲಿ ವಾರಕ್ಕೊಂದು ಹಾಡನ್ನು ಮಕ್ಕಳಿಗೆ ಕಲಿಸೋಣ. ಹಾಡಿನ ಬೆನ್ನಿಗೆ ಅಕ್ಷರವೂ ಬಂದೀತು.