ಇಸ್ತಾಂಬುಲಿನ ಬೀದಿನಾಯಿಗಳು: ಒಂದು ದ್ವೀಪ ಕಲಿಸುವ ಪಾಠ

ಬೀದಿನಾಯಿಗಳ ವಿಷಯ ಬಂದಾಗಲೆಲ್ಲ 'ಎಲ್ಲವನ್ನೂ ಕೊಂದುಬಿಡಿ' ಎಂಬ ಮಾತೂ 'ಅವುಗಳನ್ನು ಮುಟ್ಟಲೇಬೇಡಿ' ಎಂಬ ಮಾತೂ ಒಟ್ಟಿಗೇ ಕೇಳಿಬರುತ್ತವೆ. ಮುಂಜಾನೆ ಮಕ್ಕಳನ್ನು ಮದ್ರಸಕ್ಕೆ ಕಳುಹಿಸುವ ತಾಯಂದಿರ ಭಯವನ್ನು ನಾವು ಅಲ್ಲಗಳೆಯಲಾರೆವು. ಆದರೆ ಪರಿಹಾರವನ್ನು ಹುಡುಕುವ ಮುನ್ನ ಉಸ್ಮಾನಿ ಖಿಲಾಫತ್‌ನ ರಾಜಧಾನಿಯಾಗಿದ್ದ ಇಸ್ತಾಂಬುಲಿನ ಇತಿಹಾಸವನ್ನು ಒಮ್ಮೆ ನೋಡುವುದು ಒಳಿತು.

ಈ ವಿಷಯದಲ್ಲಿ ಇಸ್ಲಾಮಿನ ನಿಲುವು ಸಮತೋಲನದ್ದು. ಮನುಷ್ಯರ ಮೇಲೆರಗುವ ಅಪಾಯಕಾರಿ ನಾಯಿಯನ್ನು ಇಹ್ರಾಮ್‌ನಲ್ಲಿರುವವನೂ ಕೊಲ್ಲಬಹುದೆಂದು ಪ್ರವಾದಿ(ಸ)ರು ಅನುಮತಿಸಿದ್ದಾರೆ. ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದು ಬಾಯಾರಿದ ನಾಯಿಗೆ ಕುಡಿಸಿದ ವ್ಯಕ್ತಿಯ ಪಾಪಗಳನ್ನು ಅಲ್ಲಾಹನು ಕ್ಷಮಿಸಿದನೆಂದು ತಿಳಿಸಿದವರೂ ಅವರೇ.

ಇಸ್ತಾಂಬುಲಿನ ಜನರು ಈ ಎರಡನ್ನೂ ಅರಿತಿದ್ದರು. ಶುದ್ಧಿಯ ನಿಯಮಗಳ ಕಾರಣದಿಂದ ನಾಯಿಗಳನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ; ಬೀದಿಯಲ್ಲಿ ಅವುಗಳಿಗೆ ಅನ್ನ, ನೀರು ಇಡುತ್ತಿದ್ದರು. ಪ್ರತಿ ಮೊಹಲ್ಲಾಕ್ಕೂ ಅದರದೇ ನಾಯಿಗಳಿದ್ದವು. ಅವು ಕಸವನ್ನು ತಿಂದು ಮುಗಿಸುತ್ತಿದ್ದವು, ರಾತ್ರಿ ಅಪರಿಚಿತರನ್ನು ಕಂಡರೆ ಬೊಗಳುತ್ತಿದ್ದವು. 19ನೇ ಶತಮಾನದಲ್ಲಿ ಆಡಳಿತವು ಅವುಗಳನ್ನು ದ್ವೀಪಕ್ಕೆ ಸಾಗಿಸಲು ಯತ್ನಿಸಿದಾಗ ಜನರೇ ವಿರೋಧಿಸಿದರು.

ಆದರೆ ರೇಬೀಸ್ ರೋಗದ ಭೀತಿ ನಿಜವಾಗಿತ್ತು. ಲೂಯಿ ಪಾಶ್ಚರ್ ಅದಕ್ಕೆ ಲಸಿಕೆ ಕಂಡುಹಿಡಿದ ಮರುವರ್ಷವೇ, 1886ರಲ್ಲಿ, ಸುಲ್ತಾನ್ ಎರಡನೇ ಅಬ್ದುಲ್ ಹಮೀದರು ವೈದ್ಯರ ತಂಡವೊಂದನ್ನು ಪ್ಯಾರಿಸ್ಸಿಗೆ ಕಳುಹಿಸಿದರು. 1887ರಲ್ಲಿ ಇಸ್ತಾಂಬುಲಿನಲ್ಲಿಯೇ ರೇಬೀಸ್ ಚಿಕಿತ್ಸಾ ಕೇಂದ್ರ ಆರಂಭವಾಯಿತು. ರೋಗಕ್ಕೆ ಮದ್ದು ಹುಡುಕುವುದು ಅವರು ಹಿಡಿದ ದಾರಿಯಾಗಿತ್ತು.

1909ರಲ್ಲಿ ಅವರು ಪದಚ್ಯುತರಾದರು. ನಗರವನ್ನು ಯುರೋಪಿನ ಮಾದರಿಯಲ್ಲಿ 'ಆಧುನಿಕ'ಗೊಳಿಸಬೇಕೆಂಬ ಹೊಸ ಆಡಳಿತಗಾರರ ಹಂಬಲಕ್ಕೆ ಬೀದಿನಾಯಿಗಳು ಅಡ್ಡಿಯಾಗಿ ಕಂಡವು. 1910ರಲ್ಲಿ ಹತ್ತಾರು ಸಾವಿರ ನಾಯಿಗಳನ್ನು ಹಿಡಿದು, ಮರ್ಮರ ಸಮುದ್ರದ ಸಿವ್ರಿಅದಾ ಎಂಬ ಬಂಡೆಗಲ್ಲಿನ ದ್ವೀಪದಲ್ಲಿ ಬಿಡಲಾಯಿತು. ಅಲ್ಲಿ ಆಹಾರವಿರಲಿಲ್ಲ, ಕುಡಿಯುವ ನೀರಿರಲಿಲ್ಲ. ಹಸಿದ ನಾಯಿಗಳು ಒಂದನ್ನೊಂದು ಕಚ್ಚಿ ತಿಂದವು. ಈಜಿ ಪಾರಾಗಲು ಹೊರಟವು ಮುಳುಗಿದವು. ಗಾಳಿ ಬೀಸಿದಾಗ ಅವುಗಳ ಗೋಳು ನಗರಕ್ಕೂ ಕೇಳಿಸುತ್ತಿತ್ತೆಂದು ಜನರು ನೆನೆಯುತ್ತಿದ್ದರು. ಆ ದ್ವೀಪವನ್ನು ಜನರು ಕರೆಯುವುದು 'ಹಯಿರ್ಸಿಜ್ ಅದಾ', ಅಂದರೆ ಒಳಿತಿಲ್ಲದ ದ್ವೀಪ.

ಬಳಿಕ ಬಂದ ಭೂಕಂಪ, ಯುದ್ಧಗಳನ್ನು ಅನೇಕರು ಆ ಮೂಕಪ್ರಾಣಿಗಳ ಶಾಪವೆಂದು ಭಾವಿಸಿದರು. ಅದೃಶ್ಯದ ಜ್ಞಾನ ಅಲ್ಲಾಹನಿಗೆ ಮಾತ್ರ ಸೇರಿದ್ದು. ಆ ಕುರಿತು ನಾವು ತೀರ್ಪು ನೀಡಲಾರೆವು. ಆದರೆ ಇಷ್ಟು ಮಾತ್ರ ಸ್ಪಷ್ಟ: ಅಷ್ಟೊಂದು ಕ್ರೌರ್ಯದ ನಂತರವೂ ಇಸ್ತಾಂಬುಲಿನ ಬೀದಿಗಳು ನಾಯಿಗಳಿಂದ ಮುಕ್ತವಾಗಲಿಲ್ಲ. 2004ರಲ್ಲಿ ತುರ್ಕಿಯು ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯ ಕಾನೂನು ತಂದಿತು. 2024ರಲ್ಲಿ ಅದನ್ನು ಬದಲಿಸಿ, ನಾಯಿಗಳನ್ನು ಬೀದಿಯಿಂದ ಆಶ್ರಯತಾಣಗಳಿಗೆ ಒಯ್ಯಬೇಕೆಂದಿತು. ಚರ್ಚೆ ಇಂದಿಗೂ ಮುಗಿದಿಲ್ಲ.

ಮಗುವಿನ ಪ್ರಾಣರಕ್ಷಣೆ ನಮ್ಮ ಹೊಣೆ. ಮೂಕಪ್ರಾಣಿಯ ವಿಷಯದಲ್ಲಿಯೂ ನಾವು ಅಲ್ಲಾಹನಿಗೆ ಉತ್ತರ ಹೇಳಬೇಕು. ಲಸಿಕೆ ಹಾಕಿಸುವುದು, ಸಂತಾನಹರಣ ಚಿಕಿತ್ಸೆಗೆ ಸಹಕರಿಸುವುದು, ಮಾಂಸದ ತ್ಯಾಜ್ಯವನ್ನು ಬೀದಿಗೆಸೆಯದಿರುವುದು ಈ ಎರಡೂ ಹೊಣೆಗಳನ್ನು ನಿಭಾಯಿಸುವ ದಾರಿಗಳು. ಕಣ್ಣಿಗೆ ಕಾಣದಷ್ಟು ದೂರ ಸಾಗಿಸಿದ ಮಾತ್ರಕ್ಕೆ ಸಮಸ್ಯೆ ಪರಿಹಾರವಾಗುವುದಿಲ್ಲ. ನಮ್ಮ ಕಣ್ಣಿಗೆ ಕಾಣದಿರುವುದನ್ನು ಅಲ್ಲಾಹನು ನೋಡುತ್ತಿರುತ್ತಾನೆ.