ಮಂಚೂರಿಯಾದ ಪ್ಲೇಗು ಮತ್ತು ವೈದ್ಯರ ಮುಖಗವಸು

1910ರ ಚಳಿಗಾಲದಲ್ಲಿ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದಲ್ಲಿ ಹಬ್ಬಿದ ಪ್ಲೇಗು ಕೆಲವೇ ತಿಂಗಳುಗಳಲ್ಲಿ ಸುಮಾರು 60,000 ಜನರನ್ನು ಆಹುತಿ ತೆಗೆದುಕೊಂಡಿತು. ತುಪ್ಪಳಕ್ಕಾಗಿ ತಾರ್ಬಗನ್ ಎಂಬ ದಂಶಕವನ್ನು, ಅಂದರೆ ಬಿಲದಲ್ಲಿ ವಾಸಿಸುವ ಅಳಿಲಿನ ಜಾತಿಯ ದೊಡ್ಡ ಪ್ರಾಣಿಯನ್ನು, ಹಿಡಿಯಲು ಹೋಗಿದ್ದ ಬೇಟೆಗಾರರಲ್ಲಿ ಮೊದಲು ಕಾಣಿಸಿಕೊಂಡ ಈ ರೋಗ, ಹೊಸವರ್ಷದ ಹಬ್ಬಕ್ಕೆ ಊರಿಗೆ ಮರಳುತ್ತಿದ್ದ ಕೂಲಿಗಳೊಡನೆ ರೈಲಿನಲ್ಲಿಯೇ ದಕ್ಷಿಣಕ್ಕೆ ಸಾಗಿತು. ಇಷ್ಟು ದೊಡ್ಡ ಸಾವಿನ ನಡುವೆ ಆರೈಕೆಗೆ ನಿಂತವರನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಅಲ್ಲಿ ತೀರ ತುರ್ತಿನದಾಗಿ ಎದ್ದಿತು.

ಆ ಹೊತ್ತಿನ ವೈದ್ಯಶಾಸ್ತ್ರದ ತಿಳಿವಳಿಕೆ ಬಹುಮಟ್ಟಿಗೆ ಭಾರತದ ಪ್ಲೇಗಿನಿಂದ ಬಂದದ್ದು. 1898ರಲ್ಲಿ ಕರಾಚಿಯಲ್ಲಿ ಪಾಲ್-ಲೂಯಿ ಸಿಮೊಂಡ್ ಇಲಿಯ ಚಿಗಟವೇ ರೋಗವಾಹಕವೆಂದು ತೋರಿಸಿದ್ದರು. 1905ರಿಂದ ಮುಂಬಯಿಯಲ್ಲಿ ನಡೆದ ಪ್ಲೇಗು ಸಂಶೋಧನಾ ಆಯೋಗದ ಪ್ರಯೋಗಗಳು ಅದನ್ನು ದೃಢಪಡಿಸಿದ್ದವು. 1898ರಲ್ಲಿ ಬೆಂಗಳೂರು, ಮೈಸೂರುಗಳನ್ನು ಹೊಕ್ಕಿದ್ದೂ, ಇಲಿ ಸತ್ತು ಬಿತ್ತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವ ರೂಢಿಗೆ ಹಳೆಯ ಮೈಸೂರಿನ ಜನರನ್ನು ತಂದದ್ದೂ ಚಿಗಟದಿಂದ ಹರಡುವ ಇದೇ ಗಡ್ಡೆಯ ಪ್ಲೇಗು. ಅದರಲ್ಲಿ ರೋಗಿಯ ಪಕ್ಕದಲ್ಲಿ ಕೂತವನಿಗೆ ರೋಗಿಯಿಂದಲೇ ಒದಗುವ ಅಪಾಯ ಕಡಿಮೆ.

ಡಿಸೆಂಬರ್ ಕೊನೆಯ ವಾರ ಹಾರ್ಬಿನ್ ನಗರಕ್ಕೆ ಬಂದ ವು ಲಿಯೆನ್-ತೆ, ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಕಲಿತ 31 ವರ್ಷದ ವೈದ್ಯರು. ಅವರು ಗುಟ್ಟಾಗಿ ನಡೆಸಿದ ಮರಣೋತ್ತರ ಪರೀಕ್ಷೆಯಲ್ಲಿ ಪ್ಲೇಗಿನ ಸೂಕ್ಷ್ಮಾಣುಗಳು ಸಿಕ್ಕವು. ರೋಗ ನೆಲೆಸಿದ್ದು ಶ್ವಾಸಕೋಶದಲ್ಲಿ, ಹರಡುತ್ತಿದ್ದುದು ಕೆಮ್ಮಿನ ಹನಿಗಳ ಮೂಲಕ, ಇದಕ್ಕೆ ಇಲಿಯ ನೆರವೇ ಬೇಕಿಲ್ಲ ಎಂಬ ತೀರ್ಮಾನಕ್ಕೆ ಅವರು ಬಂದರು. ತಿಯಾನ್‌ಜಿನ್‌ನ ವೈದ್ಯಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದ, ಪ್ಲೇಗನ್ನು ಹಿಂದೆಯೇ ಕಂಡಿದ್ದ ಫ್ರೆಂಚ್ ವೈದ್ಯ ಮೆನಿ ಇದನ್ನು ಒಪ್ಪಲಿಲ್ಲ. ಹಾರ್ಬಿನ್‌ನಲ್ಲಿದ್ದ ರಷ್ಯನ್ನರ ಪ್ಲೇಗು ಆಸ್ಪತ್ರೆಯಲ್ಲಿ ಅವರು ಮುಖಕ್ಕೆ ಏನನ್ನೂ ಕಟ್ಟಿಕೊಳ್ಳದೆ ರೋಗಿಗಳನ್ನು ಪರೀಕ್ಷಿಸಿದರು, 1911ರ ಜನವರಿ 11ರಂದು ಅದೇ ರೋಗದಿಂದ ತೀರಿಕೊಂಡರು. ಅವರನ್ನು ಹಟಮಾರಿಯೆಂದು ಚಿತ್ರಿಸುವುದು ಸುಲಭವಾದರೂ ನ್ಯಾಯವಲ್ಲ, ಏಕೆಂದರೆ ಆ ದಿನಗಳ ತಿಳಿವಳಿಕೆ ಬಹುಮಟ್ಟಿಗೆ ಅವರ ಪರವಾಗಿಯೇ ಇತ್ತು.

ವು ಬಳಕೆಗೆ ತಂದ ಮುಖಗವಸು ಸರಳವಾದದ್ದು: ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಜಾಳು ಬಟ್ಟೆಯ ಪದರಗಳ ನಡುವೆ ಹತ್ತಿಯ ಮೆತ್ತೆಯಿಟ್ಟು, ಅಂಚುಗಳನ್ನು ಸೀಳಿ ಪಟ್ಟಿಗಳಾಗಿಸಿ, ಅವನ್ನು ತಲೆಯ ಹಿಂದೆ ಬಿಗಿಯಾಗಿ ಕಟ್ಟುವುದು. ಯಾರು ಬೇಕಾದರೂ ಮಾಡಿಕೊಳ್ಳಬಹುದಾಗಿದ್ದ ಇದರ ವೆಚ್ಚ ಎರಡೂವರೆ ಸೆಂಟು. ಮುಖಗವಸು ಹೊಸತೇನಲ್ಲ, 1897ರಿಂದಲೇ ಯುರೋಪಿನ ಕೆಲವು ಶಸ್ತ್ರವೈದ್ಯರು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಆದರೆ ಅದು ವೈದ್ಯನ ಉಸಿರು ರೋಗಿಯ ಗಾಯವನ್ನು ಕೆಡಿಸದಿರಲೆಂದು. ಹಾರ್ಬಿನ್‌ನಲ್ಲಿ ಅದೇ ಬಟ್ಟೆ ರೋಗಿಯ ಉಸಿರಿನಿಂದ ವೈದ್ಯನನ್ನು ಕಾಯತೊಡಗಿತು. ಪ್ರಾಣದ ಹಂಗು ತೊರೆದು ದುಡಿಯುವುದೇ ವೈದ್ಯಧರ್ಮವೆಂದು ನಂಬಿದ್ದ ಕಾಲದಲ್ಲಿ, ದುಡಿಯುವವನ ಪ್ರಾಣವನ್ನೂ ಕಾಪಾಡಬೇಕಾದ ವಸ್ತುವೆಂದು ಎಣಿಸಿದ್ದು ಈ ಕ್ರಮದ ನಿಜವಾದ ಹೊಸತನ.

ಹಾಗೆಂದು ಗವಸು ಕಟ್ಟಿದವರೆಲ್ಲರೂ ಬದುಕಲಿಲ್ಲ. ಮಂಚೂರಿಯಾದ ಇನ್ನೊಂದು ನಗರವಾದ ಮುಕ್ಡೆನ್‌ನ ರೈಲು ನಿಲ್ದಾಣದಲ್ಲಿ ಕೂಲಿಗಳನ್ನು ತಪಾಸಣೆ ಮಾಡುತ್ತಿದ್ದ ಬ್ರಿಟನ್ನಿನ ತರುಣ ವೈದ್ಯ ಆರ್ಥರ್ ಜಾಕ್ಸನ್ ಗವಸು, ಮೇಲಂಗಿಗಳನ್ನು ಧರಿಸಿದ್ದರೂ ಜನವರಿಯಲ್ಲಿಯೇ ಸತ್ತರು. ಮನೆಮನೆ ಹುಡುಕಿ ರೋಗಿಗಳನ್ನು ಹೊತ್ತು ತಂದವರೂ ಶವಗಳನ್ನು ಸಾಗಿಸಿದವರೂ ಅನೇಕರು ಸತ್ತರು. ಮೆನಿ, ಜಾಕ್ಸನ್‌ರ ಹೆಸರು ಉಳಿಸಿಕೊಂಡ ಇತಿಹಾಸ ಇವರನ್ನು ಹೆಸರಿಸುವುದಿಲ್ಲ, ಇದು ನೋವಿನ ಸಂಗತಿ. ರೋಗಿಗಳ ಸಂಪರ್ಕಕ್ಕೆ ಬಂದವರನ್ನು ಸರಕು ಸಾಗಿಸುವ ರೈಲುಡಬ್ಬಿಗಳಲ್ಲಿ ಬೇರ್ಪಡಿಸಿ ಇಡಲಾಯಿತು. ಹೆಪ್ಪುಗಟ್ಟಿದ ನೆಲದಲ್ಲಿ ಹೂಳಲಾಗದೆ ರಾಶಿಬಿದ್ದಿದ್ದ ಎರಡು ಸಾವಿರಕ್ಕೂ ಹೆಚ್ಚು ಶವಗಳನ್ನು, ಚಕ್ರವರ್ತಿಯ ಹೆಸರಿನಲ್ಲಿ ಅಪ್ಪಣೆ ಪಡೆದು, ಜನವರಿ ಕೊನೆಯಲ್ಲಿ ಸುಡಲಾಯಿತು. ಮಾರ್ಚ್ 1ರ ನಂತರ ಹಾರ್ಬಿನ್‌ನಲ್ಲಿ ಹೊಸ ರೋಗಿ ಕಾಣಲಿಲ್ಲ.

ಏಪ್ರಿಲ್‌ನಲ್ಲಿ ಮುಕ್ಡೆನ್‌ನಲ್ಲಿ ಸೇರಿದ 11 ದೇಶಗಳ ಸಮ್ಮೇಳನ ವು ಅವರ ಅಧ್ಯಕ್ಷತೆಯಲ್ಲಿ ಈ ಅನುಭವವನ್ನು ಚರ್ಚಿಸಿತು, ಮರುವರ್ಷ ಹಾರ್ಬಿನ್‌ನಲ್ಲಿ ಪ್ಲೇಗು ತಡೆಗೆಂದೇ ಕಾಯಂ ಸಂಸ್ಥೆಯೊಂದು ಹುಟ್ಟಿತು. 1920-21ರಲ್ಲಿ ಶ್ವಾಸಕೋಶದ ಪ್ಲೇಗು ಮತ್ತೆ ಮಂಚೂರಿಯಾಕ್ಕೆ ಬಂದಾಗ ಅದನ್ನು ಎದುರಿಸಲು ಆ ಸಂಸ್ಥೆಯ ಆಸ್ಪತ್ರೆಗಳೂ ತರಬೇತಿ ಪಡೆದ ಸಿಬ್ಬಂದಿಯೂ ಸಿದ್ಧವಿದ್ದರು.